ವೇದಿಕೆ ನಮ್ಮ ಬರಹಗಳನ್ನು ಅಳಿಸತೊಡಗಿದರೆ ಸಮುದಾಯ ಏನು ಮಾಡಬೇಕು

ಆನ್‌ಲೈನ್ ಸಮುದಾಯವೊಂದು ತಾನು ನೆಲೆಸಿರುವ ವೇದಿಕೆಯ ಮೇಲೆ ನಂಬಿಕೆ ಕಳೆದುಕೊಳ್ಳುವುದು ಕೆಲವು ಪೋಸ್ಟ್‌ಗಳನ್ನು ತೆಗೆದುಹಾಕಿದ ಮಾತ್ರಕ್ಕಲ್ಲ. ಬೈಗುಳ, ಬೆದರಿಕೆ, ಮೋಸದ ಜಾಹೀರಾತುಗಳನ್ನು ಯಾರಾದರೂ ತೆಗೆಯುತ್ತಿರಲೇಬೇಕು. ಸದಸ್ಯರೂ ಅದನ್ನೇ ಬಯಸುತ್ತಾರೆ. ಯಾವ ನಿಯಮದಡಿ ತೆಗೆದರೆಂದು ಹೇಳದೆ ಹೋದಾಗ, ಕಾರಣ ಕೇಳಿದವರಿಗೆಲ್ಲ ಒಂದೇ ಸಿದ್ಧ ಉತ್ತರ ಬಂದಾಗ, ಮತ್ತೆ ಮತ್ತೆ ಕೇಳಿದವರ ಖಾತೆಯೇ ಸ್ಥಗಿತಗೊಂಡಾಗ ನಂಬಿಕೆ ಕುಸಿಯುತ್ತದೆ. ಅಂಥ ಇಕ್ಕಟ್ಟಿಗೆ ಸಿಲುಕಿದ ಗುಂಪುಗಳ ಅಡ್ಮಿನ್‌ಗಳಿಗೂ, ವರ್ಷಗಟ್ಟಲೆ ಅಲ್ಲಿ ಬರೆದು ಗುಂಪನ್ನು ಬೆಳೆಸಿದ ಸದಸ್ಯರಿಗೂ ಉಪಯೋಗವಾಗಲೆಂದು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

2007ರ ಮೇ ತಿಂಗಳ ಕೊನೆಯಲ್ಲಿ ಲೈವ್‌ಜರ್ನಲ್ ಎಂಬ ಅಮೆರಿಕದ ಬ್ಲಾಗ್ ತಾಣದಲ್ಲಿ ನಡೆದ ಘಟನೆಯನ್ನು ಈ ಸಮಸ್ಯೆಯ ಬಗ್ಗೆ ಯೋಚಿಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಕುಮ್ಮಕ್ಕು ಕೊಡುವ ಖಾತೆಗಳು ಅಲ್ಲಿವೆ ಎಂದು ಹೊರಗಿನ ಗುಂಪೊಂದು ದೂರಿತು. ಆಗ ಆ ತಾಣದ ಒಡೆತನ ಹೊಂದಿದ್ದ ಸಿಕ್ಸ್ ಅಪಾರ್ಟ್ ಕಂಪನಿಯು, ಖಾತೆದಾರರು ತಮ್ಮ ಆಸಕ್ತಿಗಳೆಂದು ಬರೆದುಕೊಂಡಿದ್ದ ಪದಗಳನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು, ಸುಮಾರು 500 ಖಾತೆಗಳನ್ನು ಒಮ್ಮೆಲೇ ಸ್ಥಗಿತಗೊಳಿಸಿತು. ದೌರ್ಜನ್ಯಕ್ಕೆ ಒಳಗಾದವರೇ ಒಬ್ಬರಿಗೊಬ್ಬರು ಆಸರೆಯಾಗಿ ನಡೆಸುತ್ತಿದ್ದ ಗುಂಪುಗಳೂ, ಕಾದಂಬರಿಯೊಂದನ್ನು ಚರ್ಚಿಸುತ್ತಿದ್ದ ಓದುಗರ ಗುಂಪೂ ಅದರಲ್ಲಿ ಸೇರಿಹೋದವು. ಸ್ಥಗಿತಗೊಂಡ ಖಾತೆಯ ಹೆಸರಿನ ಮೇಲೆ ಗೀಟು ಎಳೆದಂತೆ ಕಾಣುತ್ತಿದ್ದುದರಿಂದ ಬಳಕೆದಾರರು ಆ ಘಟನೆಗೆ ‘ಸ್ಟ್ರೈಕ್‌ಥ್ರೂ’ ಎಂದೇ ಹೆಸರಿಟ್ಟರು. ಕಂಪನಿಯ ಮುಖ್ಯಸ್ಥರು ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿದರು ಮತ್ತು ಬಹಳಷ್ಟು ಖಾತೆಗಳು ಮರಳಿ ಬಂದವು. ಆದರೆ ಆಗಸ್ಟ್‌ನಲ್ಲಿ ಅದೇ ಬಗೆಯ ಕ್ರಮ ಮರುಕಳಿಸಿದಾಗ, ಕ್ಷಮೆಯ ಮಾತನ್ನು ನಂಬಿ ಉಳಿದಿದ್ದವರೂ ಹೊರಡುವ ದಾರಿ ಹುಡುಕತೊಡಗಿದರು. ಆ ಹುಡುಕಾಟದ ಫಲ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ, ಏಕೆಂದರೆ ಅವರು ಹೊರಟ ರೀತಿ ಅನುಕರಣೀಯವಾದದ್ದು.

ಅಳಿಸಿದವರು ಯಾರು ಎಂದು ಮೊದಲು ತಿಳಿದುಕೊಳ್ಳಿ

ಪೋಸ್ಟ್ ಕಾಣೆಯಾದ ಕೂಡಲೇ ಕಂಪನಿಯ ಮೇಲೆ ಹರಿಹಾಯುವುದು ಸಹಜ, ಆದರೆ ಅದರಿಂದ ಕೆಲಸವಾಗುವುದಿಲ್ಲ. ಗುಂಪಿನ ಸ್ವಂತ ಅಡ್ಮಿನ್ ಒಬ್ಬರು ತೆಗೆದಿರಬಹುದು, ವೇದಿಕೆಯ ಸ್ವಯಂಚಾಲಿತ ವ್ಯವಸ್ಥೆ ಯಾವುದೋ ಪದವನ್ನೋ ಚಿತ್ರವನ್ನೋ ಕಂಡು ತೆಗೆದಿರಬಹುದು, ಯಾರೋ ಸಾಮೂಹಿಕವಾಗಿ ರಿಪೋರ್ಟ್ ಮಾಡಿದ್ದರಿಂದ ಕಂಪನಿಯ ಸಿಬ್ಬಂದಿ ತೆಗೆದಿರಬಹುದು, ಇಲ್ಲವೇ ಸರ್ಕಾರದ ಆದೇಶ ಬಂದಿರಬಹುದು. ಗುಂಪಿನ ಚಟುವಟಿಕೆ ದಾಖಲೆಯನ್ನು ತೆರೆದು ನೋಡಿದರೆ ಮೊದಲ ಸಾಧ್ಯತೆ ಬಹುತೇಕ ಇತ್ಯರ್ಥವಾಗುತ್ತದೆ. ಹಲವು ಸಲ ಜಗಳವೆದ್ದ ಮೇಲೆ ತಿಳಿಯುವುದೇನೆಂದರೆ, ಹಿಂದೊಮ್ಮೆ ಅಡ್ಮಿನ್‌ಗಳೇ ಹಾಕಿಟ್ಟು ಮರೆತ ನಿಷಿದ್ಧ ಪದಗಳ ಪಟ್ಟಿಯೇ ಆ ಪೋಸ್ಟನ್ನು ತಡೆದಿರುತ್ತದೆ.

ಸರ್ಕಾರದ ಆದೇಶದಿಂದ ತೆಗೆದದ್ದಾದರೆ ದಾರಿಯೇ ಬೇರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಅಡಿ ಹೊರಡುವ ತಡೆ ಆದೇಶಗಳನ್ನು ಗೌಪ್ಯವಾಗಿಡಬೇಕೆಂದು 2009ರ ನಿಯಮಗಳು ಹೇಳುತ್ತವೆ, ಆದ್ದರಿಂದ ವೇದಿಕೆಯನ್ನು ಕೇಳಿದರೂ ಪೂರ್ಣ ಉತ್ತರ ಸಿಗದೆ ಹೋಗಬಹುದು. ಇಂಥ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಕರ್ನಾಟಕ ಹೈಕೋರ್ಟ್‌ಗೆ ಹೋಗಿತ್ತು. 2023ರ ಜೂನ್ 30ರಂದು ಏಕಸದಸ್ಯ ಪೀಠ ಆ ಅರ್ಜಿಯನ್ನು ವಜಾಗೊಳಿಸಿ 50 ಲಕ್ಷ ರೂಪಾಯಿ ದಂಡವನ್ನೂ ವಿಧಿಸಿತು. ಕಂಪನಿಗೇ ಅಷ್ಟು ಕಷ್ಟವಾದ ದಾರಿ ಸಣ್ಣ ಗುಂಪಿಗೆ ಸುಲಭವಲ್ಲ. ವಕೀಲರ ಸಲಹೆಯಿಲ್ಲದೆ ಅಲ್ಲಿ ಹೆಜ್ಜೆ ಇಡಬೇಡಿ. ಇಲ್ಲಿಂದ ಮುಂದಿನ ಮಾತೆಲ್ಲ ವೇದಿಕೆಯೇ ತನ್ನ ನಿಯಮದ ಹೆಸರಿನಲ್ಲಿ ಅಳಿಸಿದ ಬರಹಗಳಿಗೆ ಸಂಬಂಧಿಸಿದ್ದು.

ದಾಖಲೆ ಇಡಿ, ಆಮೇಲೆ ಮೇಲ್ಮನವಿ ಬರೆಯಿರಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಲೆನಾಡಿನ ಅಡಿಕೆ ಬೆಳೆಗಾರರ ಗುಂಪಿನಲ್ಲಿ ಸದಸ್ಯರೊಬ್ಬರು ಅಡಿಕೆ ಸುಲಿಯುವ ಹಳೆಯ ಮೆಟ್ಟುಗತ್ತಿಯ ಫೋಟೋ ಹಾಕಿ, ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ ಎಂದು ಬರೆಯುತ್ತಾರೆ. ಮರದ ಮಣೆಗೆ ಬಿಗಿದು ನಿಲ್ಲಿಸಿದ ಅಲಗನ್ನು ಕಂಡ ಸ್ವಯಂಚಾಲಿತ ವ್ಯವಸ್ಥೆ ಅದನ್ನು ಆಯುಧ ಮಾರಾಟವೆಂದು ತೆಗೆಯುತ್ತದೆ, ಸದಸ್ಯರ ಖಾತೆಗೆ ಎಚ್ಚರಿಕೆ ಬೀಳುತ್ತದೆ, ಗುಂಪಿನ ಮೇಲೂ ನಿಯಮಭಂಗದ ಗುರುತು ಸೇರುತ್ತದೆ. ಆ ಸದಸ್ಯರು ಬೇಸರದಿಂದ ಸುಮ್ಮನಾದರೆ ಯಾವ ಕುರುಹೂ ಉಳಿಯುವುದಿಲ್ಲ. ಮುಂದೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವ ವಿಧಾನ ಬರೆದವರ ಪೋಸ್ಟ್, ತೋಟಕ್ಕೆ ನುಗ್ಗುವ ಮಂಗಗಳ ಬಗ್ಗೆ ಬರೆದವರ ಪೋಸ್ಟ್ ಹೀಗೆ ಒಂದೊಂದಾಗಿ ಹೋದಾಗಲೂ ಪ್ರತಿಯೊಬ್ಬರೂ ತಮಗೊಬ್ಬರಿಗೇ ಹೀಗಾಯಿತೆಂದು ತಿಳಿಯುತ್ತಾರೆ. ಎಲ್ಲವನ್ನೂ ಒಂದೆಡೆ ಸೇರಿಸಿ ನೋಡಿದಾಗ ಮಾತ್ರ ಕೃಷಿಯ ಉಪಕರಣ ಮತ್ತು ಔಷಧಗಳ ವಿಷಯದಲ್ಲಿ ವೇದಿಕೆ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಆದ್ದರಿಂದ ಗುಂಪಿನ ಇಬ್ಬರಿಗೆ ಈ ಹೊಣೆ ವಹಿಸಿ. ಎಲ್ಲರೂ ತೆರೆದು ನೋಡಬಹುದಾದ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಪೋಸ್ಟಿನ ಪೂರ್ಣ ಪಠ್ಯ, ಚಿತ್ರ, ಹಾಕಿದ ದಿನಾಂಕ, ತೆಗೆದ ದಿನಾಂಕ ಮತ್ತು ಸಮಯ, ಬಂದ ಸೂಚನೆಯ ಸ್ಕ್ರೀನ್‌ಶಾಟ್, ವೇದಿಕೆ ಹೇಳಿದ ಕಾರಣ, ಮೇಲ್ಮನವಿ ಸಲ್ಲಿಸಿದ ದಿನ, ದೂರಿನ ಸಂಖ್ಯೆ, ಬಂದ ಉತ್ತರ ಇವಿಷ್ಟನ್ನೂ ಬರೆಯಲಿ. ಬರೆದವರು ಒಪ್ಪದಿದ್ದರೆ ಅವರ ಹೆಸರು ಅಲ್ಲಿ ಬೇಡ. ನಿಜವಾಗಿಯೂ ನಿಯಮ ಮೀರಿದ ಪೋಸ್ಟ್‌ಗಳನ್ನೂ ಇದೇ ಪಟ್ಟಿಯಲ್ಲಿ ಪ್ರಾಮಾಣಿಕವಾಗಿ ದಾಖಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಪರವಾದದ್ದನ್ನು ಮಾತ್ರ ಆಯ್ದುಕೊಂಡ ಪಟ್ಟಿಯನ್ನು ಎದುರಿನವರು ಒಂದೇ ಪ್ರತಿ ಉದಾಹರಣೆಯಿಂದ ಬದಿಗೆ ಸರಿಸಿಬಿಡುತ್ತಾರೆ.

ಮೇಲ್ಮನವಿಯಲ್ಲಿ ಕೋಪಕ್ಕೆ ಜಾಗವಿಲ್ಲ, ಸಂದರ್ಭದ ವಿವರಣೆಗೆ ಜಾಗವಿದೆ. ಅದನ್ನು ಓದುವ ವ್ಯಕ್ತಿಗೆ ಕನ್ನಡ ಬಾರದಿರಬಹುದು, ಬಂದರೂ ಅಡಿಕೆ ತೋಟ ಗೊತ್ತಿರದಿರಬಹುದು. ಮೇಲಿನ ಪ್ರಸಂಗಕ್ಕೆ ಹೀಗೆ ಬರೆಯಬಹುದು: “ಚಿತ್ರದಲ್ಲಿರುವುದು ಅಡಿಕೆಯ ಸಿಪ್ಪೆ ಬಿಡಿಸಲು ಬಳಸುವ ಕೃಷಿ ಉಪಕರಣ. ಅದರ ಅಲಗನ್ನು ಮಣೆಗೆ ಜೋಡಿಸಲಾಗಿದೆ, ಕೈಯಲ್ಲಿ ಹಿಡಿದು ಬೀಸುವ ವಸ್ತು ಅದಲ್ಲ. ಪೋಸ್ಟ್ ಇರುವುದು ಬೆಳೆಗಾರರ ಗುಂಪಿನಲ್ಲಿ. ನಿಮ್ಮ ನಿಯಮದ ಯಾವ ಭಾಗವನ್ನು ಇದು ಮೀರಿದೆ ಎಂದು ತಿಳಿಸಿ, ಮೀರಿಲ್ಲವಾದರೆ ಪೋಸ್ಟನ್ನು ಮರಳಿಸಿ, ಖಾತೆಯ ಮೇಲಿನ ಎಚ್ಚರಿಕೆಯನ್ನೂ ತೆಗೆಯಿರಿ.” ಕೊನೆಯ ಕೋರಿಕೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪೋಸ್ಟ್ ಮರಳಿ ಬಂದರೂ ಎಚ್ಚರಿಕೆ ಉಳಿದಿದ್ದರೆ ಮುಂದಿನ ಸಣ್ಣ ತಪ್ಪಿಗೆ ಖಾತೆಯೇ ಹೋಗಬಹುದು. ಇದರ ಜತೆಗೆ ಮೂಲ ಪೋಸ್ಟಿನ ಇಂಗ್ಲಿಷ್ ಅನುವಾದವನ್ನೂ ನೀವೇ ಮಾಡಿ ಸೇರಿಸಿ. ಯಂತ್ರಾನುವಾದ ಇನ್ನೊಂದು ಅಪಾರ್ಥಕ್ಕೆ ಎಡೆಮಾಡದಂತೆ ಅದು ತಡೆಯುತ್ತದೆ.

ಭಾರತದಲ್ಲಿರುವ ಬಳಕೆದಾರರಿಗೆ ಕಾನೂನಿನ ಒಂದು ಆಧಾರವೂ ಇದೆ, ಅದನ್ನು ಬಳಸುವವರು ಕಡಿಮೆ. 2021ರ ಫೆಬ್ರವರಿ 25ರಂದು ಪ್ರಕಟವಾದ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ಭಾರತದಲ್ಲಿ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸಾಮಾಜಿಕ ಜಾಲತಾಣವು ಈ ದೇಶದಲ್ಲಿ ವಾಸಿಸುವ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ಪ್ರಕಟಿಸಬೇಕು. ಅದೇ ನಿಯಮಗಳ 4ನೆಯ ನಿಯಮದ 8ನೆಯ ಉಪನಿಯಮ ನಮಗೆ ಇನ್ನೂ ಮುಖ್ಯ. ಅಂಥ ದೊಡ್ಡ ಜಾಲತಾಣವು, ನಿಯಮಗಳು ನಿಷಿದ್ಧವೆಂದು ಹೆಸರಿಸಿದ ವಿಷಯವೆಂದು ಭಾವಿಸಿ ಬಳಕೆದಾರರ ಬರಹವನ್ನು ತಾನಾಗಿಯೇ ತೆಗೆಯುವಾಗ, ಕಾರಣಗಳನ್ನು ವಿವರಿಸುವ ಸೂಚನೆಯನ್ನು ಮೊದಲೇ ಕೊಡಬೇಕು ಮತ್ತು ಆ ಕ್ರಮವನ್ನು ಪ್ರಶ್ನಿಸಲು ಸಾಕಷ್ಟು ಅವಕಾಶ ಒದಗಿಸಬೇಕು ಎಂದು ಅದು ಹೇಳುತ್ತದೆ. ನಿಮ್ಮ ದೂರಿನಲ್ಲಿ ಈ ಉಪನಿಯಮವನ್ನು ಸಂಖ್ಯೆಸಹಿತ ಉಲ್ಲೇಖಿಸಿ.

ಕುಂದುಕೊರತೆ ಅಧಿಕಾರಿಯ ಉತ್ತರ ಸಮಾಧಾನ ತರದಿದ್ದರೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2022ರ ಅಕ್ಟೋಬರ್ ತಿದ್ದುಪಡಿಯಿಂದ ಈ ವ್ಯವಸ್ಥೆ ಬಂತು, 2023ರ ಜನವರಿಯಲ್ಲಿ ಮೂರು ಸಮಿತಿಗಳು ರಚನೆಯಾದವು, ಅರ್ಜಿಯಿಂದ ಆದೇಶದವರೆಗೆ ಎಲ್ಲವೂ ಆನ್‌ಲೈನ್‌ನಲ್ಲೇ ನಡೆಯುತ್ತದೆ. ಅಧಿಕಾರಿಯ ಉತ್ತರ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕೆಂದು ಆ ತಿದ್ದುಪಡಿ ಗೊತ್ತುಪಡಿಸಿತ್ತು. ಈ ನಿಯಮಗಳ ಗಡುವುಗಳು ತಿದ್ದುಪಡಿಗೆ ಒಳಗಾಗುತ್ತಿರುವುದರಿಂದ ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಪಠ್ಯವನ್ನೇ ನೋಡಿಕೊಳ್ಳಿ. ಈ ಸಮಿತಿಗಳನ್ನು ನೇಮಿಸುವುದು ಕೇಂದ್ರ ಸರ್ಕಾರವೆಂಬ ಕಾರಣಕ್ಕೆ ಅವುಗಳ ಸ್ವಾತಂತ್ರ್ಯದ ಬಗ್ಗೆ ಆಕ್ಷೇಪ ಎತ್ತಿದವರಿದ್ದಾರೆ, ಆ ಆಕ್ಷೇಪದಲ್ಲಿ ಹುರುಳಿದೆ ಎಂದೇ ನಾನೂ ಭಾವಿಸುತ್ತೇನೆ. ಹಾಗಿದ್ದರೂ ಮೆಟ್ಟುಗತ್ತಿಯಂಥ ಪ್ರಕರಣಕ್ಕೆ ಈ ಬಾಗಿಲನ್ನು ತಟ್ಟದೆ ಬಿಡುವುದು ಸರಿಯಲ್ಲ. ಫ್ರಾನ್ಸ್‌ನಲ್ಲೋ ಜರ್ಮನಿಯಲ್ಲೋ ಇರುವ ಕನ್ನಡಿಗರು ತಾವಿರುವ ದೇಶದ ಕಾನೂನನ್ನು ನೋಡಬೇಕು. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ 2024ರ ಫೆಬ್ರವರಿ 17ರಿಂದ ಪೂರ್ಣವಾಗಿ ಜಾರಿಯಲ್ಲಿದ್ದು, ಪ್ರತಿ ಅಳಿಸುವಿಕೆಗೂ ಕಾರಣದ ಹೇಳಿಕೆ ಕೊಡುವುದನ್ನು ಅಲ್ಲಿ ಕಡ್ಡಾಯ ಮಾಡಿದೆ.

ಒಟ್ಟಾಗಿ ಕೇಳುವುದು ಹೇಗೆ

ಬಿಡಿ ಬಿಡಿ ಮೇಲ್ಮನವಿಗಳಿಂದ ಬದಲಾವಣೆ ಬರದಿದ್ದರೆ ಸಮುದಾಯ ಒಂದಾಗಿ ಮಾತನಾಡಬೇಕಾಗುತ್ತದೆ. ಇಲ್ಲಿ 2019ರ ಇಂಗ್ಲಿಷ್ ವಿಕಿಪೀಡಿಯದ ಪ್ರಸಂಗದಿಂದ ಕಲಿಯುವುದು ಬಹಳ ಇದೆ. ಆ ವರ್ಷ ಜೂನ್ 10ರಂದು, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಒಬ್ಬ ಹಿರಿಯ ನಿರ್ವಾಹಕರನ್ನು ಒಂದು ವರ್ಷ ನಿಷೇಧಿಸಿತು. ದೂರು ಯಾರದು, ಸಾಕ್ಷ್ಯ ಏನು ಎಂಬುದನ್ನು ಸಮುದಾಯಕ್ಕೂ ಹೇಳಲಿಲ್ಲ, ಸಮುದಾಯವೇ ಚುನಾಯಿಸಿದ ಪಂಚಾಯ್ತಿ ಸಮಿತಿಗೂ ಮೊದಲು ಒಪ್ಪಿಸಲಿಲ್ಲ. ಇನ್ನೊಬ್ಬ ನಿರ್ವಾಹಕರು ಆ ತಡೆಯನ್ನು ತೆರವುಗೊಳಿಸಿದಾಗ ಅವರ ಅಧಿಕಾರವನ್ನೂ ಫೌಂಡೇಶನ್ ಕಿತ್ತುಕೊಂಡಿತು. ಹಲವಾರು ನಿರ್ವಾಹಕರು ಪ್ರತಿಭಟಿಸಿ ಹುದ್ದೆ ಬಿಟ್ಟರು. ನಿಷೇಧಕ್ಕೊಳಗಾದವರ ನಡವಳಿಕೆ ಸರಿಯಿತ್ತೇ ಎಂಬ ಬಗ್ಗೆ ಸದಸ್ಯರಲ್ಲೇ ತೀವ್ರ ಭಿನ್ನಾಭಿಪ್ರಾಯವಿತ್ತು. ಆದರೆ ಈ ವಿಚಾರಣೆ ನಡೆಸಬೇಕಾದವರು ಸಮುದಾಯ ಆರಿಸಿದವರೇ ಎಂಬ ಒಂದು ಬೇಡಿಕೆಯ ಸುತ್ತ ಬಹುಮಂದಿ ನಿಂತರು. ಜುಲೈನಲ್ಲಿ ಫೌಂಡೇಶನ್ನಿನ ಆಡಳಿತ ಮಂಡಳಿ ಮಧ್ಯೆ ಪ್ರವೇಶಿಸಿ ಪ್ರಕರಣವನ್ನು ಚುನಾಯಿತ ಸಮಿತಿಯ ಮರುಪರಿಶೀಲನೆಗೆ ಬಿಟ್ಟಿತು, ಸಮಿತಿ ಸೆಪ್ಟೆಂಬರ್‌ನಲ್ಲಿ ನಿಷೇಧವನ್ನು ರದ್ದುಪಡಿಸಿತು, ಆದರೆ ಆ ವ್ಯಕ್ತಿಗೆ ನಿರ್ವಾಹಕ ಹುದ್ದೆಯನ್ನು ಹಿಂದಿರುಗಿಸಲಿಲ್ಲ.

ನಿಮ್ಮ ಸಾಮೂಹಿಕ ಪತ್ರವೂ ಹಾಗೆಯೇ ವ್ಯಕ್ತಿಯ ಪರ ನಿಲ್ಲುವ ಬದಲು ಕ್ರಮದ ಬಗ್ಗೆ ಮಾತನಾಡಲಿ. ಬರಹ ತೆಗೆಯುವಾಗ ವೇದಿಕೆಗಳು ಹೇಗೆ ನಡೆದುಕೊಳ್ಳಬೇಕೆಂದು ಹೇಳುವ, 2018ರಲ್ಲಿ ಪ್ರಕಟವಾದ ಸಾಂಟಾ ಕ್ಲಾರಾ ತತ್ತ್ವಗಳು ಕೇಳುವುದೂ ಸರಳವಾದ ಮೂರು ಸಂಗತಿಗಳನ್ನು: ಎಷ್ಟು ಬರಹಗಳನ್ನು ಯಾವ ಕಾರಣಕ್ಕೆ ತೆಗೆದಿರಿ ಎಂಬ ಅಂಕಿಗಳನ್ನು ಪ್ರಕಟಿಸಿ, ತೆಗೆದಾಗ ಬರೆದವರಿಗೆ ಕಾರಣ ತಿಳಿಸಿ, ಮನುಷ್ಯರೇ ಪರಿಶೀಲಿಸುವ ಮೇಲ್ಮನವಿಗೆ ಅವಕಾಶ ಕೊಡಿ. ಇದಕ್ಕೆ ನಿಮ್ಮ ಸ್ಪ್ರೆಡ್‌ಶೀಟ್‌ನಿಂದ ಎಂಟು ಹತ್ತು ಪ್ರಕರಣಗಳನ್ನು ಜೋಡಿಸಿ, ಉತ್ತರಕ್ಕೆ ಒಂದು ದಿನಾಂಕ ಗೊತ್ತುಮಾಡಿ, ಉತ್ತರ ಬಾರದಿದ್ದರೆ ಏನು ಮಾಡುವಿರಿ ಎಂಬುದನ್ನು ಮೊದಲೇ ಹೇಳಿ. ಹೇಳಿದ್ದನ್ನು ಮಾಡುವ ಶಕ್ತಿ ಇದ್ದರೆ ಮಾತ್ರ ಹೇಳಿ.

ಸಂಬಳವಿಲ್ಲದ ಮಾಡರೇಟರ್‌ಗಳು ಕೆಲಸ ನಿಲ್ಲಿಸುವುದು ಪ್ರಬಲವಾದ ಹತ್ಯಾರ. 2023ರ ಜೂನ್ 5ರಂದು ಸ್ಟ್ಯಾಕ್ ಎಕ್ಸ್‌ಚೇಂಜ್ ಎಂಬ ಪ್ರಶ್ನೋತ್ತರ ತಾಣಗಳ ಮಾಡರೇಟರ್‌ಗಳು ಮುಷ್ಕರ ಹೂಡಿದರು. ಅಲ್ಲಿನ ದೂರು ತುಸು ಭಿನ್ನ. ಕೃತಕ ಬುದ್ಧಿಮತ್ತೆ ಬರೆದ ಉತ್ತರಗಳನ್ನು ತೆಗೆಯದಂತೆ ಕಂಪನಿಯೇ ಅವರ ಕೈ ಕಟ್ಟಿತ್ತು, ಮತ್ತು ಖಾಸಗಿಯಾಗಿ ಹೇಳಿದ ನಿಯಮ ಬಹಿರಂಗವಾಗಿ ಹೇಳಿದ್ದಕ್ಕಿಂತ ಬೇರೆಯಾಗಿತ್ತು ಎಂಬುದು ಅವರ ಆರೋಪ. ಪ್ರತಿನಿಧಿಗಳನ್ನು ಆರಿಸಿ, ಬೇಡಿಕೆಗಳನ್ನು ಬರೆದಿಟ್ಟು, ಮಾತುಕತೆಗೆ ಕೂತದ್ದರಿಂದ ಆಗಸ್ಟ್ ಆರಂಭದಲ್ಲಿ ಒಪ್ಪಂದವಾಯಿತು. ಅದೇ ಜೂನ್‌ನಲ್ಲಿ, ಹೊರಗಿನ ಆ್ಯಪ್‌ಗಳು ತಾಣದ ಮಾಹಿತಿ ಪಡೆಯಲು ತೆರಬೇಕಾದ ಎಪಿಐ ಶುಲ್ಕದ ವಿರುದ್ಧ ರೆಡಿಟ್‌ನ ಸಾವಿರಾರು ಗುಂಪುಗಳು ಬಾಗಿಲು ಮುಚ್ಚಿದವು. ಬಹಳಷ್ಟು ಗುಂಪುಗಳು ಎರಡೇ ದಿನವೆಂದು ಮೊದಲೇ ಘೋಷಿಸಿದ್ದರಿಂದ ಕಂಪನಿ ಕಾದು ಕೂತಿತು, ಆಮೇಲೂ ಮುಚ್ಚಿದ್ದ ಗುಂಪುಗಳ ಮಾಡರೇಟರ್‌ಗಳಿಗೆ ನಿಮ್ಮನ್ನು ಬದಲಿಸಬೇಕಾದೀತು ಎಂಬ ಸಂದೇಶ ಕಳಿಸಿತು. ಕೊನೆಯ ದಿನವನ್ನು ಮೊದಲೇ ಸಾರಿದ ಮುಷ್ಕರಕ್ಕೆ ಬಲ ಕಡಿಮೆ.

ಕೋಪದಲ್ಲಿ ನಿಮ್ಮ ಬರಹಗಳನ್ನು ನೀವೇ ಅಳಿಸಬೇಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ವೇದಿಕೆಗೆ ಪಾಠ ಕಲಿಸಲೆಂದು ಹತ್ತು ವರ್ಷದ ಉತ್ತರಗಳನ್ನು ಅಳಿಸಿದರೆ ನಷ್ಟವಾಗುವುದು, ನಾಳೆ ಅದೇ ಪ್ರಶ್ನೆ ಹೊತ್ತು ಬರುವ ಅಪರಿಚಿತ ಓದುಗರಿಗೆ. 2024ರ ಮೇ ತಿಂಗಳಲ್ಲಿ ಓಪನ್‌ಎಐ ಜತೆಗಿನ ಒಪ್ಪಂದವನ್ನು ವಿರೋಧಿಸಿ ಸ್ಟ್ಯಾಕ್ ಓವರ್‌ಫ್ಲೋದ ಕೆಲವರು ತಮ್ಮ ಉತ್ತರಗಳನ್ನು ಅಳಿಸಲು, ತಿದ್ದಲು ಹೋದಾಗ, ಉತ್ತರಗಳು ಮರುಸ್ಥಾಪನೆಯಾದವು ಮತ್ತು ಖಾತೆಗಳು ಸ್ಥಗಿತಗೊಂಡವು. ಬರಹವೂ ಕೈಬಿಟ್ಟಿತು, ಮಾತನಾಡುವ ಜಾಗವೂ ಹೋಯಿತು.

ಅಳಿಸುವ ಬದಲು ನಕಲು ಮಾಡಿ, ಅದೂ ಜಗಳ ಶುರುವಾಗುವ ಮೊದಲೇ. ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ರಂದು ಕೊನೆಗೊಂಡಿತು. ನಕಲಿಲ್ಲದವರ ಪಾಲಿಗೆ ಅಲ್ಲಿ ಬರೆದದ್ದು ಬರೆದೇ ಇಲ್ಲದಂತಾಯಿತು. ವಾಟ್ಸ್ಆ್ಯಪ್‌ನಲ್ಲಿ ಚಾಟ್ ಎಕ್ಸ್‌ಪೋರ್ಟ್ ಇದೆ, ಟೆಲಿಗ್ರಾಂನ ಕಂಪ್ಯೂಟರ್ ಆವೃತ್ತಿಯಲ್ಲಿ ಗುಂಪಿನ ಇಡೀ ಇತಿಹಾಸವನ್ನು ಚಿತ್ರಸಹಿತ ಇಳಿಸಿಕೊಳ್ಳಬಹುದು. ಬೇರೆ ಹಲವು ತಾಣಗಳು ಕೊಡುವ ಮಾಹಿತಿ ಇಳಿಸಿಕೊಳ್ಳುವ ಸೌಲಭ್ಯದಲ್ಲಿ ಆ ಖಾತೆದಾರರು ಬರೆದದ್ದು ಮಾತ್ರ ಬರುತ್ತದೆ. ಆದ್ದರಿಂದ ಗುಂಪಿನ ಮುಖ್ಯ ಬರಹಗಾರರೆಲ್ಲ ತಮ್ಮ ತಮ್ಮ ಖಾತೆಯಿಂದ ಇಳಿಸಿಕೊಂಡು ಒಂದೆಡೆ ಸೇರಿಸಬೇಕು. ಎಲ್ಲರಿಗೂ ತೆರೆದಿರುವ ಪುಟಗಳಾದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಶೀನ್‌ನಲ್ಲಿ ಉಳಿಸಬಹುದು. ಖಾಸಗಿ ಗುಂಪಿನಲ್ಲಿ ಇತರರು ನಂಬಿ ಹೇಳಿಕೊಂಡ ಕಾಯಿಲೆ, ಕುಟುಂಬ, ಹಣದ ಸಂಗತಿಗಳನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗ ಸಂಗ್ರಹಕ್ಕೆ ಸೇರಿಸಬಾರದು. ಯೂನಿಕೋಡ್ ಬರುವ ಮುಂಚಿನ ನುಡಿ ಅಥವಾ ಬರಹ ಫಾಂಟುಗಳಲ್ಲಿರುವ ಹಳೆಯ ಕಡತಗಳಿದ್ದರೆ ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿಡಿ, ಇಲ್ಲವಾದರೆ ಹುಡುಕಿದಾಗ ಅವು ಸಿಗುವುದಿಲ್ಲ.

ಹೊರಡಲೇಬೇಕಾದರೆ

ಹೊಸ ಜಾಗದ ವಿಳಾಸವನ್ನು ಹಳೆಯ ವೇದಿಕೆಯ ಹೊರಗೂ ಸದಸ್ಯರಿಗೆ ತಲುಪಿಸಿರಬೇಕು. 2021ರ ಮೇ 19ರಂದು ಫ್ರೀನೋಡ್ ಎಂಬ ಚಾಟ್ ಜಾಲದ ಸ್ವಯಂಸೇವಕರು ಹೊಸ ಮಾಲೀಕತ್ವವನ್ನು ಒಪ್ಪದೆ ಹೊರಬಂದು ಲಿಬೆರಾ ಚಾಟ್ ಆರಂಭಿಸಿದರು. ಒಂದು ವಾರದ ಬಳಿಕ, ತಮ್ಮ ಚಾನೆಲ್ಲಿನ ಶೀರ್ಷಿಕೆಯಲ್ಲಿ ಲಿಬೆರಾದ ಹೆಸರು ಬರೆದಿದ್ದ ನೂರಾರು ಸಮುದಾಯಗಳ ಚಾನೆಲ್‌ಗಳನ್ನು ಫ್ರೀನೋಡ್ ಆಡಳಿತ ವಶಪಡಿಸಿಕೊಂಡಿತು. ಇನ್ನೂ ಅಲ್ಲೇ ಉಳಿಯಬೇಕೆಂದಿದ್ದವರೂ ಆ ಕ್ರಮದಿಂದ ಹೊರಡುವಂತಾಯಿತು. ಹೊಸ ವಿಳಾಸವನ್ನು ಬೇರೆಡೆ ಪ್ರಕಟಿಸಿಟ್ಟಿದ್ದ ಯೋಜನೆಗಳಿಗೆ ಸ್ಥಳಾಂತರ ಸುಲಭವಾಯಿತು. ಸದಸ್ಯರ ಇಮೇಲ್ ಪಟ್ಟಿಯನ್ನೋ ಸ್ವಂತ ಹೆಸರಿನ ಸಣ್ಣ ಜಾಲತಾಣವನ್ನೋ ಈಗಲೇ ಇಟ್ಟುಕೊಂಡರೆ ಅಂಥ ಗಳಿಗೆಯಲ್ಲಿ ಯಾರೂ ದಿಕ್ಕುತಪ್ಪುವುದಿಲ್ಲ.

ಲೈವ್‌ಜರ್ನಲ್ ಬಿಟ್ಟವರ ಮಾತಿಗೆ ಬರುತ್ತೇನೆ. ಆ ಕಂಪನಿಯಲ್ಲಿ ಹಿಂದೆ ಕೆಲಸ ಮಾಡಿದ್ದವರೇ ಡ್ರೀಮ್‌ವಿಡ್ತ್ ಎಂಬ ಬ್ಲಾಗ್ ತಾಣ ಕಟ್ಟಿ 2009ರಲ್ಲಿ ಸಾರ್ವಜನಿಕರಿಗೆ ತೆರೆದರು. ಮೆಚ್ಚಿನ ಕಾದಂಬರಿ, ಸಿನಿಮಾಗಳ ಪಾತ್ರಗಳನ್ನಿಟ್ಟು ತಾವೇ ಕಥೆ ಬರೆಯುವ ಅಭಿಮಾನಿಗಳು 2007ರಲ್ಲೇ ಲಾಭರಹಿತ ಸಂಸ್ಥೆಯೊಂದನ್ನು ಸ್ಥಾಪಿಸಿ, ಸ್ವಂತ ಸರ್ವರ್‌ಗಳ ಮೇಲೆ ನಡೆಯುವ ಆರ್ಕೈವ್ ಆಫ್ ಅವರ್ ಓನ್ ಎಂಬ ಸಂಗ್ರಹವನ್ನು 2009ರ ನವೆಂಬರ್‌ನಲ್ಲಿ ಬಳಕೆಗೆ ಬಿಟ್ಟರು. ಅದರ ಕಲ್ಪನೆ ಸ್ಟ್ರೈಕ್‌ಥ್ರೂ ಘಟನೆಗಿಂತ ಕೆಲವು ದಿನ ಮೊದಲೇ ಹುಟ್ಟಿತ್ತು, ಆ ಘಟನೆ ಅದಕ್ಕೆ ಜನರನ್ನು ಒದಗಿಸಿತು. ಇನ್ನೊಂದು ಕಂಪನಿಯ ಬಾಡಿಗೆ ಮನೆಗೆ ಗಂಟುಮೂಟೆ ಹೊತ್ತು ಹೋಗದೆ ಎರಡು ವರ್ಷ ತಾಳ್ಮೆಯಿಂದ ಸ್ವಂತದ್ದನ್ನು ಕಟ್ಟಿದ್ದು, ಸಣ್ಣ ಸಣ್ಣ ದೇಣಿಗೆಗಳಿಂದ ಅದನ್ನು ನಡೆಸಿಕೊಂಡು ಬಂದದ್ದು ಅವರ ಹೆಚ್ಚುಗಾರಿಕೆ. 2019ರಲ್ಲಿ ಆ ಸಂಗ್ರಹಕ್ಕೆ ಹ್ಯೂಗೊ ಪ್ರಶಸ್ತಿ ಬಂತು.

ಹೊಸ ಜಾಗದಲ್ಲಿ ಅಳಿಸುವ ಅಧಿಕಾರ ನಿಮ್ಮದೇ ಕೈಗೆ ಬರುತ್ತದೆ, ಮತ್ತು ಹಳೆಯ ವೇದಿಕೆ ಮಾಡಿದ್ದನ್ನೇ ಅಡ್ಮಿನ್‌ಗಳು ಮಾಡುವ ಅಪಾಯ ಅಲ್ಲಿಂದಲೇ ಶುರುವಾಗುತ್ತದೆ. ಇದಕ್ಕೆ ಒಳ್ಳೆಯ ಮಾದರಿ ಕನ್ನಡ ವಿಕಿಪೀಡಿಯದಲ್ಲೇ ಇದೆ. ಅಲ್ಲಿ ಪುಟವೊಂದನ್ನು ಅಳಿಸಿದರೆ ಯಾರು, ಯಾವಾಗ, ಯಾವ ಕಾರಣ ಕೊಟ್ಟು ಅಳಿಸಿದರು ಎಂಬ ಸಾಲು ಎಲ್ಲರಿಗೂ ಕಾಣುವ ದಾಖಲೆಯಲ್ಲಿ ಉಳಿಯುತ್ತದೆ, ಒಪ್ಪದವರು ಅರಳಿಕಟ್ಟೆ ಎಂಬ ಚರ್ಚಾಪುಟದಲ್ಲಿ ಪ್ರಶ್ನಿಸಬಹುದು. ನಿಮ್ಮ ಗುಂಪಿನಲ್ಲಿಯೂ ಅಂಥ ದಾಖಲೆಯನ್ನು ಮೊದಲ ದಿನದಿಂದಲೇ ತೆರೆಯಿರಿ. ತೆಗೆದವರೇ ಮೇಲ್ಮನವಿಯನ್ನೂ ಪರಿಶೀಲಿಸದಂತೆ ಕೆಲಸ ಹಂಚಿ. ತುರ್ತಿನಲ್ಲಿ ಕಾರಣ ಹೇಳದೆ ತೆಗೆಯಬೇಕಾದ ಸಂಗತಿಗಳು, ಉದಾಹರಣೆಗೆ ಯಾರದೋ ಫೋನ್ ನಂಬರ್ ಅಥವಾ ಮಗುವಿನ ಚಿತ್ರ, ಯಾವುವು ಎಂದು ಮೊದಲೇ ಬರೆದಿಡಿ, ಅವುಗಳಿಗೂ ಮರುದಿನದೊಳಗೆ ಕಾರಣ ದಾಖಲಿಸಿ. ಅಡ್ಮಿನ್‌ಗಳ ಅವಧಿಯನ್ನು ಒಂದು ವರ್ಷಕ್ಕೆ ಸೀಮಿತಗೊಳಿಸಿ, ಮುಂದುವರಿಸುವುದಾದರೆ ಸದಸ್ಯರ ಮತ ಕೇಳಿ.

ಹಳೆಯ ಗುಂಪನ್ನು ಮುಚ್ಚಬೇಡಿ. ಹೊಸ ಪೋಸ್ಟ್‌ಗಳನ್ನು ನಿಲ್ಲಿಸಿ, ಹೊಸ ವಿಳಾಸವನ್ನು ಮೇಲೆ ಕಾಣುವಂತೆ ಇಡಿ. ಅದನ್ನು ವೇದಿಕೆ ತೆಗೆದರೆ ವೈಯಕ್ತಿಕ ಸಂದೇಶದಲ್ಲಿ ತಿಳಿಸಿ. ತಡವಾಗಿ ಬಂದು ಎಲ್ಲರೂ ಎಲ್ಲಿ ಹೋದರು ಎಂದು ಕೇಳುವವರಿಗೆ ಉತ್ತರಿಸಲು ಕನಿಷ್ಠ ಒಂದು ವರ್ಷ ಇಬ್ಬರು ಸದಸ್ಯರನ್ನು ಅಲ್ಲಿಯೇ ಉಳಿಸಿ.